ಕೂಲರ್ ಅಟ್ಟದಿಂದ ಇಳಿಸುವ ಮುನ್ನ: ರಾಯಚೂರು ಬಿಸಿಲಿಗೆ, ಬೋರ್ ನೀರಿಗೆ ತಕ್ಕ ತಯಾರಿ

ಶಿವರಾತ್ರಿ ಮುಗಿದರೆ ಸಾಕು, ರಾಯಚೂರಿನ ಮನೆಗಳಲ್ಲಿ ಕೂಲರ್ ಅಟ್ಟದಿಂದ ಕೆಳಗಿಳಿಯುತ್ತದೆ. ಇಳಿಸಿದ ದಿನವೇ ನೀರು ತುಂಬಿ ಪ್ಲಗ್ ಹಾಕಬೇಡಿ. ತಿಂಗಳುಗಟ್ಟಲೆ ಧೂಳು ಕುಡಿದ ಯಂತ್ರಕ್ಕೆ ಅರ್ಧ ದಿನದ ಕೆಲಸ ಇದ್ದೇ ಇರುತ್ತದೆ. ಸ್ಕ್ರೂ ಡ್ರೈವರ್, ಪ್ಲಾಸ್ಟಿಕ್ ಬ್ರಷ್, ಮಲ್ಟಿಮೀಟರ್, ಹೊಲಿಗೆ ಯಂತ್ರದ ಎಣ್ಣೆ, 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಇದ್ದರೆ ಸಾಕು. ಹುಲ್ಲಿನ ಪ್ಯಾಡ್ ಇರುವ ಕೂಲರ್ ಆದರೆ ಮೂರು ಬದಿಗೆ ಮೂರು ಹೊಸ ಪ್ಯಾಡ್ ತಂದಿಟ್ಟುಕೊಳ್ಳಿ.

ಮೊದಲು ಕರೆಂಟು

ತಗಡಿನ ಮೈ, ಒಳಗೆ ನೀರು, ಪಕ್ಕದಲ್ಲಿ ಒದ್ದೆ ನೆಲ. ಇಂಥ ಕೂಲರ್‌ಗೆ ಅರ್ಥಿಂಗ್ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಆದ್ದರಿಂದ ನೀರು ಹಾಕುವ ಮೊದಲೇ ಈ ಪರೀಕ್ಷೆ ಮಾಡಿ. ಪ್ಲಗ್ ಹೊರಗೆ ತೆಗೆದಿಡಿ. ಮಲ್ಟಿಮೀಟರನ್ನು ಬೀಪ್ ಬರುವ ಗುರುತಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದನ್ನು ಕೂಲರಿನ ಮೈಮೇಲೆ ಬಣ್ಣ ಕೆರೆದ ಜಾಗಕ್ಕೆ ಮುಟ್ಟಿಸಿ. ಬೀಪ್ ಬರಬೇಕು. ಬರದಿದ್ದರೆ ಅರ್ಥ್ ವೈರ್ ಎಲ್ಲೋ ತುಂಡಾಗಿದೆ, ಇಲ್ಲವೇ ಅದರ ಸ್ಕ್ರೂ ತುಕ್ಕು ಹಿಡಿದಿದೆ. ಮುಂದೆ ಕೂಲರಿನ ಎಲ್ಲಾ ಸ್ವಿಚ್ಚುಗಳನ್ನು ಆನ್ ಮಾಡಿಟ್ಟು, ಉಳಿದ ಎರಡು ಪಿನ್ನುಗಳಿಗೂ ಮೈಗೂ ನಡುವೆ ನೋಡಿ. ಈಗ ಬೀಪ್ ಬರಲೇಬಾರದು. ಬಂದರೆ ಪಂಪಿನ ವೈರ್ ಬಿಡಿಸಿ ಮತ್ತೆ ನೋಡಿ. ಹೆಚ್ಚಾಗಿ ತಪ್ಪು ಪಂಪಿನದೇ.

ಬೀಪ್ ಬರಲಿಲ್ಲವೆಂದು ನಿಶ್ಚಿಂತೆಯಾಗುವಂತಿಲ್ಲ. ಕರೆಂಟಿನ ಸಣ್ಣ ಸೋರಿಕೆ ಮಲ್ಟಿಮೀಟರಿಗೆ ಸಿಗುವುದಿಲ್ಲ. ಅದನ್ನು ಹಿಡಿದು ಕರೆಂಟ್ ಕಡಿಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್. ಅದು ಮನೆಯಲ್ಲಿ ಇಲ್ಲದಿದ್ದರೆ ಕೂಲರ್ ಸಾಲಿಗಾದರೂ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ. ಮನೆಯ ಅರ್ಥಿಂಗ್ ಕೂಡ ಅವರಿಂದಲೇ ನೋಡಿಸಿ. ನಮ್ಮ ಕಡೆಯ ಎರೆಮಣ್ಣು ಏಪ್ರಿಲ್ ಹೊತ್ತಿಗೆ ಬಾಯಿ ಬಿಟ್ಟು ಅರ್ಥಿಂಗ್ ಸಲಾಕೆಯಿಂದ ಸರಿದು ನಿಲ್ಲುತ್ತದೆ; ವಾರಕ್ಕೊಂದು ಬಕೆಟ್ ನೀರನ್ನು ಆ ಸಲಾಕೆ ಹೂತ ಗುಂಡಿಗೆ ಸುರಿಯುತ್ತಿರಿ. ಎರಡು ಪಿನ್ನಿನ ಪ್ಲಗ್, ನೆಲದಲ್ಲಿ ಎಳೆದ ಎಕ್ಸ್‌ಟೆನ್ಷನ್ ಬೋರ್ಡ್ ಎರಡೂ ಬೇಡ. ನೀರು ತುಂಬುವಾಗ, ಒರೆಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಹೊರಗಿರಬೇಕು. ಮಕ್ಕಳಿಗೂ ಇದನ್ನು ಹೇಳಿಕೊಡಿ.

ಪ್ಯಾಡ್, ಪಂಪ್, ಫ್ಯಾನ್

ಕೂಲರ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಒಂದು ಲೀಟರ್ ನೀರು ಆವಿಯಾದರೆ ಅದು ಹೀರುವ ಬಿಸಿ, ಒಂದು ಸಾವಿರ ವಾಟ್ ಹೀಟರ್ ಸುಮಾರು 40 ನಿಮಿಷ ಉರಿದಷ್ಟು. ಆವಿಯಾಗುವ ಜಾಗವೇ ಪ್ಯಾಡ್, ಹಾಗಾಗಿ ಪ್ಯಾಡ್ ಕೆಟ್ಟರೆ ಉಳಿದದ್ದೆಲ್ಲ ಸರಿಯಿದ್ದೂ ಉಪಯೋಗವಿಲ್ಲ.

ಹುಲ್ಲಿನ ಪ್ಯಾಡನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿ. ಎಲ್ಲಿ ಬೆಳಕು ತೂರಿ ಬರುತ್ತದೋ ಅಲ್ಲಿಂದಲೇ ಬಿಸಿ ಗಾಳಿಯೂ ತೂರಿ ಬರುತ್ತದೆ, ಒದ್ದೆಯಾಗದೆ. ಹುಲ್ಲು ಒಂದರಿಂದ ಒಂದೂವರೆ ಇಂಚು ದಪ್ಪ, ಎಲ್ಲಾ ಕಡೆ ಒಂದೇ ಸಮ ಇರಬೇಕು. ಒತ್ತಿ ತುರುಕಿದರೆ ಗಾಳಿಯೇ ಒಳಗೆ ಬರದು. ಹೊಸ ಪ್ಯಾಡನ್ನು ಒಂದು ರಾತ್ರಿ ನೆನೆಸಿ ಆ ಕಂದು ನೀರನ್ನು ಚೆಲ್ಲಿದರೆ ವಾಸನೆ ಕಡಿಮೆ. ಜೇನುಗೂಡು ಪ್ಯಾಡ್ ಆದರೆ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟು, ಅದೇ ಮುಖ ಹೊರಗೆ ಬರುವಂತೆ ಕೂಡಿಸಿ. ಮೆದು ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಪೈಪಿನ ರಭಸಕ್ಕೆ ಅದರ ಕಾಗದ ಹರಿಯುತ್ತದೆ.

ಪಂಪಿನ ಮುಚ್ಚಳ ತೆಗೆದರೆ ಒಳಗೆ ಪುಟ್ಟ ಚಕ್ರ, ಅದರ ಸುತ್ತ ಸುಣ್ಣದಂಥ ಬಿಳಿ ಕಲ್ಲು. 5 ಲೀಟರ್ ಉಗುರುಬೆಚ್ಚಗಿನ ನೀರಿಗೆ 100 ಗ್ರಾಂ ನಿಂಬೆ ಉಪ್ಪು ಕರಗಿಸಿ, ಚಕ್ರ ಮತ್ತು ಮುಚ್ಚಳವನ್ನು ಒಂದು ಗಂಟೆ ಅದ್ದಿಡಿ. ಗುಳ್ಳೆ ಎದ್ದು ಕಲ್ಲು ಬಿಡುತ್ತದೆ. ಅದೇ ನೀರಲ್ಲಿ ಟ್ಯಾಂಕ್ ಉಜ್ಜಿ. ಬಚ್ಚಲಿಗೆ ಹಾಕುವ ಆಸಿಡ್ ಬೇಡವೇ ಬೇಡ, ತಗಡಿನ ಸತುವಿನ ಲೇಪ ತಿಂದುಹಾಕುತ್ತದೆ. ಬ್ಲೀಚಿಂಗ್ ಪುಡಿಯನ್ನು ಯಾವ ಹುಳಿಯ ಜೊತೆಗೂ ಬೆರೆಸಬೇಡಿ, ಏಳುವ ಗಾಳಿ ವಿಷ. ಪ್ಯಾಡಿನ ಮೇಲೆ ನೀರು ಹಂಚುವ ತೂತುಗಳನ್ನು ತೆಳು ಮೊಳೆಯಿಂದ ಚುಚ್ಚಿ ಬಿಡಿಸಿ. ಆಮೇಲೆ ನೀರು ತುಂಬಿ ಬರೀ ಪಂಪನ್ನು ಹತ್ತು ನಿಮಿಷ ಓಡಿಸಿ ಪ್ಯಾಡ್ ನೋಡಿ. ಒಣಗಿದ ಪಟ್ಟಿ ಕಂಡರೆ ಅದರ ಮೇಲಿನ ತೂತು ಕಟ್ಟಿದೆ. ಒಂದು ಬದಿ ಪೂರ್ತಿ ಒಣಗಿದ್ದರೆ ಕೂಲರ್ ವಾಲಿ ನಿಂತಿದೆ. ನೀರಿಲ್ಲದೆ ಪಂಪ್ ಓಡಿಸಬೇಡಿ, ಸುಟ್ಟುಹೋಗುತ್ತದೆ.

ಫ್ಯಾನ್ ಗುಂಯ್ ಎನ್ನುತ್ತಾ ತಿರುಗದೆ ನಿಂತಿದೆಯೇ? ಪ್ಲಗ್ ತೆಗೆದು ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಬುಶ್ (ಮೋಟಾರಿನ ಕಡ್ಡಿ ತಿರುಗುವ ಪುಟ್ಟ ಕೊಳವೆ) ಒಣಗಿದೆ, ಎರಡು ಮೂರು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಅಡುಗೆ ಎಣ್ಣೆ ಧೂಳಿಗೆ ಅಂಟಿ ಗೋಂದಾಗುತ್ತದೆ. ಸಲೀಸಾಗಿ ತಿರುಗಿಯೂ ಕರೆಂಟಿಗೆ ಏಳದಿದ್ದರೆ ಹೆಚ್ಚಾಗಿ ಮೋಟಾರಿಗೆ ಮೊದಲ ತಳ್ಳು ಕೊಡುವ ಕೆಪಾಸಿಟರ್ ಸೋತಿದೆ. ಅದರ ಮೈಮೇಲೆ ಬರೆದ ಮೈಕ್ರೋಫ್ಯಾರಡ್, ವೋಲ್ಟ್ ಎರಡೂ ಹೊಂದುವುದನ್ನೇ ತನ್ನಿ. ಹಳೆಯದರಲ್ಲಿ ಕರೆಂಟ್ ಉಳಿದಿರುತ್ತದೆ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂ ಡ್ರೈವರ್‌ನಿಂದ ಎರಡೂ ತುದಿ ಕೂಡಿಸಿ ಖಾಲಿ ಮಾಡಿದ ಮೇಲೆಯೇ ಮುಟ್ಟಿ.

ಎಲ್ಲಿಡಬೇಕು

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಎಸಿಯಂತೆ ಬಾಗಿಲು ಕಿಟಕಿ ಮುಚ್ಚಿ ಕೋಣೆಯ ಮಧ್ಯೆ ಕೂಲರ್ ಇಟ್ಟರೆ, ಅದೇ ಒದ್ದೆ ಗಾಳಿ ಸುತ್ತಿ ಸುತ್ತಿ ಮೈ ಅಂಟಂಟಾಗುತ್ತದೆ. ಕೂಲರಿನ ಬೆನ್ನು ಕಿಟಕಿಯ ಹೊರಗಿರಬೇಕು, ಆದಷ್ಟು ನೆರಳಿನ ಕಡೆ. ಎದುರು ಬದಿಯಲ್ಲಿ ಗಾಳಿ ಹೊರಹೋಗಲು ದಾರಿ ಬಿಡಬೇಕು. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಎಂದರೆ 1440 ಘನ ಅಡಿ. ಎರಡು ನಿಮಿಷಕ್ಕೊಮ್ಮೆ ಗಾಳಿ ಬದಲಾಗಲು ನಿಮಿಷಕ್ಕೆ 720 ಘನ ಅಡಿ, ಅಂದರೆ ಗಂಟೆಗೆ ಸುಮಾರು 1220 ಘನ ಮೀಟರ್ ಗಾಳಿ ಕೊಡುವ ಕೂಲರ್ ಬೇಕು. ಅಷ್ಟು ಗಾಳಿ ಹೊರಹೋಗಲು ಒಂದೂವರೆಯಿಂದ ಎರಡು ಚದರ ಅಡಿ ತೆರೆದಿರಲಿ. ಗಾಳಿ ಹೊರಹೋಗುವ ಆ ಕಿಟಕಿಗೆ ಒಂದು ತೆಳು ದಾರ ಕಟ್ಟಿ ನೋಡಿ: ದಾರ ಹೊರಕ್ಕೆ ಹಾರುತ್ತಿದ್ದರೆ ಸರಿ.

ಬೋರ್ ನೀರಿನ ಲೆಕ್ಕ

ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. 1000 ಟಿಡಿಎಸ್ (ಲೀಟರಿಗೆ 1000 ಮಿಲಿಗ್ರಾಂ ಕರಗಿದ ಉಪ್ಪು) ಇರುವ ನೀರು ದಿನಕ್ಕೆ 40 ಲೀಟರ್ ಆವಿಯಾದರೆ ಹಿಂದೆ ಬೀಳುವುದು 40 ಗ್ರಾಂ ಉಪ್ಪು. ಮೇಲೆ ಮೇಲೆ ನೀರು ಸುರಿಯುತ್ತಾ ಹೋದರೆ ಅದೇ ಪ್ಯಾಡಿಗೆ, ಪಂಪಿಗೆ ಕಲ್ಲಾಗಿ ಹತ್ತುತ್ತದೆ. ಎರಡು ಮೂರು ದಿನಕ್ಕೊಮ್ಮೆ ತಳದ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡಿ. ನಲ್ಲಿಯಲ್ಲಿ ಹೊಳೆ ನೀರು ಬರುವ ಮನೆಯವರು ಅದನ್ನೇ ಬಳಸಿ. ಆರ್‌ಓ ಯಂತ್ರ ಹೊರಬಿಡುವ ನೀರು ಇನ್ನೂ ಉಪ್ಪು, ಕೂಲರಿಗೆ ಹಾಕಬೇಡಿ.

ಹೀಗೆ ಖಾಲಿ ಮಾಡಿದಾಗ ವಾರಕ್ಕೊಮ್ಮೆಯಾದರೂ ಟ್ಯಾಂಕಿನ ಒಳಗೋಡೆಯನ್ನೂ ಉಜ್ಜಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿನ ಗೋಡೆಗೆ; ಆ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿ, ನೀರು ಬಿದ್ದಾಗ ಒಡೆಯುತ್ತದೆ. ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ.

ಏಪ್ರಿಲ್ ಮಧ್ಯಾಹ್ನ 41 ಡಿಗ್ರಿ, ಗಾಳಿಯಲ್ಲಿ ತೇವ ಶೇ 20 ಇದ್ದಾಗ ಒಳ್ಳೆಯ ಕೂಲರ್ 27–28 ಡಿಗ್ರಿಯ ಗಾಳಿ ಕೊಡುತ್ತದೆ. ಮೃಗಶಿರ ಮಳೆ ಬಿದ್ದ ಮೇಲೆ 35 ಡಿಗ್ರಿಯಲ್ಲಿ ತೇವ ಶೇ 60 ಆದರೆ ಅದೇ ಕೂಲರ್ 30ರ ಹತ್ತಿರ ನಿಲ್ಲುತ್ತದೆ. ಅದು ರಿಪೇರಿಯ ಮಾತಲ್ಲ. ಪಂಪ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ.

ಎತ್ತಿಡುವ ಹೊತ್ತಿಗೆ ಟ್ಯಾಂಕ್ ಒರೆಸಿ ಎರಡು ದಿನ ಬಿಸಿಲಿಗೆ ಇಡಿ. ತುಕ್ಕು ಕಂಡಲ್ಲಿ ಕೆರೆದು ಡಾಂಬರು ಬಣ್ಣ ಎರಡು ಸಲ ಬಳಿಯಿರಿ. ಪಂಪನ್ನು ಒಣಗಿಸಿ ಬಟ್ಟೆಯಲ್ಲಿ ಸುತ್ತಿಡಿ. ಕೂಲರಿಗೆ ಹಳೆಯ ಹತ್ತಿ ಸೀರೆ ಹೊದಿಸಿ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಳಗಿನ ಪಸೆ ಹೊರಹೋಗದೆ ತಗಡು ತುಕ್ಕು ಹಿಡಿಯುತ್ತದೆ.