ಬೈಸನ್ ಕಾವಲಿನಲ್ಲಿ ಟೆಂಟ್ ಹಾಕಿದ್ದು

ಡಲ್ಲಾಸ್‌ನ ನಮ್ಮ ಕನ್ನಡದ ಗೆಳೆಯರು ಕ್ಯಾಂಪಿಂಗ್ ಅಂದರೆ ಕೊಲರಾಡೋ ಕಡೆ ಮುಖ ಮಾಡುತ್ತಾರೆ. ಮರ ಬೇಕು, ಹೊಳೆ ಬೇಕು, ತಂಪು ಬೇಕು. ನಮ್ಮ ಮನೆಯವರು ಹೋಗುವುದು ಸುಮಾರು ಮೂರು ಗಂಟೆ ದಾರಿಯ ಒಕ್ಲಹೋಮಾಕ್ಕೆ, ವಿಚಿಟಾ ಮೌಂಟನ್ಸ್ ವನ್ಯಜೀವಿ ತಾಣಕ್ಕೆ. ಹೆಸರಲ್ಲಿ ಬೆಟ್ಟ ಇದೆ. ನಾನು ಹೋಗುವುದು ಅಲ್ಲಿನ ಹುಲ್ಲಿಗೆ.

ನನ್ನ ಊರು ತುಮಕೂರು ಜಿಲ್ಲೆಯ ಬಯಲುಸೀಮೆ. ಊರ ಪಕ್ಕದಲ್ಲೇ ಅಮೃತಮಹಲ್ ಕಾವಲು, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲು. ಅಮ್ಮ ಹುಡುಗಿಯಾಗಿದ್ದಾಗ ದನ ಹೊಡೆದುಕೊಂಡು ಓಡಾಡಿದ್ದು ಅಂಥ ಕಾವಲಿನ ಅಂಚಿನಲ್ಲೇ. ಕಲ್ಲುಬಂಡೆ, ಮೊಣಕಾಲೆತ್ತರದ ಹುಲ್ಲು, ಮೇಲೆ ದೊಡ್ಡ ಆಕಾಶ. ವಿಚಿಟಾಕ್ಕೆ ಮೊದಲ ಸಲ ಹೋದಾಗ ಕಾರಿಂದ ಇಳಿದು ಸುಮ್ನೆ ನಿಂತುಬಿಟ್ಟೆ. ಅದೇ ಗುಂಡುಕಲ್ಲುಗಳ ರಾಶಿ, ಅದೇ ಬಿಸಿಲಿನ ಬಣ್ಣ. ಇಲ್ಲಿನ ಗ್ರಾನೈಟ್‌ಗೆ 50 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಈ ಹುಲ್ಲು ಉಳಿದುಕೊಂಡದ್ದೂ ಈ ಕಲ್ಲಿನ ದೆಸೆಯಿಂದಲೇ. ಸುತ್ತಲಿನ ಪ್ರೈರಿ ಅನ್ನುವ ಹುಲ್ಲುಬಯಲನ್ನೆಲ್ಲ ಉತ್ತು ಗೋಧಿ, ಹತ್ತಿ ಬೆಳೆದರು. ಇಲ್ಲಿ ನೇಗಿಲು ಇಳಿಯಲಿಲ್ಲ. 59 ಸಾವಿರ ಎಕರೆ ಹಾಗೇ ಉಳಿಯಿತು.

ಆ ಮೊದಲ ಸಲ ಹೋಗಿದ್ದು ಮೇ ಕೊನೆಯಲ್ಲಿ. ಅದು ತಪ್ಪಾಯಿತು. ನಮ್ಮ ಹತ್ತಿರ ಇದ್ದದ್ದು ಒಳಗೆ ನೆಟ್ಟಗೆ ನಿಲ್ಲಬಹುದಾದ ಎತ್ತರದ ಟೆಂಟ್. ಅದರ ಜೊತೆ ಕೊಟ್ಟಿದ್ದ ತೆಳ್ಳನೆ ಗೂಟಗಳನ್ನೇ ಹೊಡೆದಿದ್ದೆ. ನಾಲ್ಕು ಬೆರಳು ಇಳಿಯುವುದರೊಳಗೆ ಕಲ್ಲಿಗೆ ತಾಗಿ ಬಾಗಿದವು. ಇಷ್ಟು ಸಾಕು ಅಂದುಕೊಂಡೆ. ರಾತ್ರಿ ಹನ್ನೊಂದರ ಹೊತ್ತಿಗೆ ದಕ್ಷಿಣದ ಗಾಳಿ ಎದ್ದಿತು. ಒಂದು ಕಂಬಿ ಮುರಿದು ಬಟ್ಟೆ ನಮ್ಮ ಮುಖದ ಮೇಲೆ ಬಿತ್ತು. ಮಗಳು ಹೆದರಿ ಅಳುತ್ತಿದ್ದಳು. ಉಳಿದ ರಾತ್ರಿ ಮೂವರೂ ಕಾರಿನಲ್ಲಿ ಮಲಗಿದೆವು. ಮನೆಗೆ ಬಂದ ಎರಡನೇ ದಿನ ಅವಳ ಸೊಂಟದ ಸುತ್ತ, ಮಂಡಿಯ ಹಿಂದೆ, ಸಾಕ್ಸಿನ ಅಂಚಿನಲ್ಲಿ ಕೆಂಪು ಗುಳ್ಳೆ ಎದ್ದವು. ಚಿಗ್ಗರ್ ಅನ್ನುವ ಹುಳದ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಹುಳ. ಬಟ್ಟೆ ಬಿಗಿಯಾಗಿರುವ ಕಡೆಯೇ ಹೋಗಿ ಕಚ್ಚುತ್ತದೆ. ತುರಿಕೆ ಒಂದು ವಾರ ಬಿಡಲಿಲ್ಲ.

ಈಗ ಹೋಗುವುದು ಅಕ್ಟೋಬರ್ ಮಧ್ಯ ಅಥವಾ ಕೊನೆಗೆ. ಜುಲೈ, ಆಗಸ್ಟ್ ಬೇಡವೇ ಬೇಡ. ಬಿಸಿಲಂತೂ ಇದ್ದೇ ಇದೆ, ಅದರ ಮೇಲೆ ಇಲ್ಲಿ ಓಡಾಡುವ ಬೈಸನ್ ಅನ್ನುವ ಕಾಡುದನಗಳು ಬೆದೆಗೆ ಬರುವ ಕಾಲ ಅದು. ಗಂಡುಗಳು ಯಾರ ಮಾತೂ ಕೇಳುವುದಿಲ್ಲ.

ಹೋದ ವರ್ಷ ಅಮ್ಮ ಊರಿಂದ ಬಂದಿದ್ದರು. ಅವರನ್ನೂ ಕರೆದುಕೊಂಡು ಹೋದೆವು. ತಾಣದ ಒಳಗೇ ಡೋರಿಸ್ ಕ್ಯಾಂಪ್‌ಗ್ರೌಂಡ್ ಇದೆ, ಕ್ವಾನಾ ಪಾರ್ಕರ್ ಕೆರೆಯ ಪಕ್ಕ. ರಿಕ್ರಿಯೇಶನ್ ಡಾಟ್ ಗವ್ ಅನ್ನುವ ವೆಬ್‌ಸೈಟ್‌ನಲ್ಲಿ ಮೊದಲೇ ಜಾಗ ಹಿಡಿಯಬೇಕು. ಶನಿವಾರ, ಭಾನುವಾರದ ಜಾಗ ಬೇಗ ಹೋಗುತ್ತದೆ. ನಾವು ಹಿಡಿದದ್ದು ಭಾನುವಾರದಿಂದ ಬುಧವಾರದವರೆಗೆ. ಎಪ್ಪತ್ತು ದಾಟಿದವರು ಬರುವುದಾದರೆ ಮಡಚುವ ಮಂಚ ಒಂದನ್ನು ಖಂಡಿತ ತೆಗೆದುಕೊಳ್ಳಿ. ನೆಲದಿಂದ ಏಳುವ ಕಷ್ಟ ತಪ್ಪುತ್ತದೆ. ಅದರ ಮೇಲೆ ಒಂದು ದಪ್ಪ ಕಂಬಳಿ ಹಾಸಬೇಕು. ಇಲ್ಲದಿದ್ದರೆ ಕೆಳಗಿನಿಂದ ಥಂಡಿ ಹೊಡೆಯುತ್ತದೆ.

ಟೆಂಟ್ ಬಿಚ್ಚುವಾಗ ಅಮ್ಮ ಒಂದು ಕಡ್ಡಿ ಹುಲ್ಲು ಕಿತ್ತು ಗಾಳಿಗೆ ಹಿಡಿದು ನೋಡಿದರು. "ತೆಂಕಲ ಗಾಳಿ ಕಣೋ. ಬಾಗಿಲು ಆ ಕಡೆ ಇಡಬೇಡ" ಅಂದರು.

ಅವರು ಹೇಳಿದ್ದು ಸರಿ. ಆದರೆ ಇಲ್ಲಿ ಇನ್ನೊಂದು ವಿಷಯ ಇದೆ. ಅಕ್ಟೋಬರ್‌ನಲ್ಲಿ ಉತ್ತರದಿಂದ ತಣ್ಣನೆಯ ಗಾಳಿ ಒಮ್ಮೆಲೇ ನುಗ್ಗಿ ಬರುತ್ತದೆ. ಬೆಳಗ್ಗೆ ದಕ್ಷಿಣದಿಂದ ಬೀಸುತ್ತಿದ್ದದ್ದು ಸಂಜೆಗೆ ತಿರುಗಿ, ಬರೀ ಅಂಗಿಯಲ್ಲಿ ಓಡಾಡುತ್ತಿದ್ದವರು ಜಾಕೆಟ್ ಹುಡುಕಬೇಕಾಗುತ್ತದೆ. ಅದಕ್ಕೇ ನಾಲ್ಕೂ ಕಡೆ ಹಗ್ಗ ಬಿಗಿಯುತ್ತೇನೆ. ಟೆಂಟ್ ಈಗ ಗಿಡ್ಡನೆಯದು, ಒಳಗೆ ಕೂರಬಹುದು ಅಷ್ಟೆ. ಗೂಟಗಳು ಒಂದು ಅಡಿ ಉದ್ದದ ಕಬ್ಬಿಣದವು. ಟೆಂಟಿನಿಂದ ಆಚೆಗೆ ವಾಲಿಸಿ ಹೊಡೆಯುತ್ತೇನೆ. ಕಲ್ಲು ತಾಗಿದರೆ ಹಟ ಮಾಡದೆ ಒಂದು ಗೇಣು ಪಕ್ಕಕ್ಕೆ ಹೋಗುತ್ತೇನೆ. ಎಲ್ಲೂ ಇಳಿಯದಿದ್ದರೆ ಹಗ್ಗವನ್ನು ಅಲ್ಲೇ ಇರುವ ಗುಂಡುಕಲ್ಲಿಗೆ ಸುತ್ತಿ ಕಟ್ಟುತ್ತೇನೆ.

ಅಡುಗೆಗೂ ಗಾಳಿಯದೇ ತಕರಾರು. ಪುಟ್ಟ ಡಬ್ಬಿಯ ಮೇಲೆ ಕೂರುವ ಒಂಟಿ ಸ್ಟೌ ಇಲ್ಲಿ ಆಗುವುದಿಲ್ಲ. ಉರಿ ಪಕ್ಕಕ್ಕೆ ಹಾರಿ ನೀರು ಕುದಿಯುವುದೇ ಇಲ್ಲ. ಹಾಗಂತ ಅದರ ಸುತ್ತ ತಗಡು ಮುಚ್ಚಬಾರದು, ಗ್ಯಾಸ್ ಡಬ್ಬಿ ಕಾದು ಅಪಾಯ. ಮೂರು ಕಡೆ ಮರೆ ಇರುವ ಎರಡು ಒಲೆಯ ಸ್ಟೌ ಒಳ್ಳೆಯದು. ಮೊದಲ ರಾತ್ರಿಗೆ ಬುತ್ತಿ ಕಟ್ಟಿಕೊಂಡೇ ಹೋಗಿದ್ದೆವು, ಚಪಾತಿ, ಹುರಿಗಾಳು, ಚಟ್ನಿಪುಡಿ. ಆಮೇಲಿನ ದಿನ ಉಪ್ಪಿಟ್ಟು, ಚಿತ್ರಾನ್ನ. ರವೆ, ಅವಲಕ್ಕಿ ಎಲ್ಲ ಮನೆಯಲ್ಲೇ ಹುರಿದು ಡಬ್ಬಿಗೆ ಹಾಕಿದ್ದರಿಂದ ಹತ್ತು ನಿಮಿಷದ ಕೆಲಸ.

ಚಿಗ್ಗರ್, ಉಣುಗು ಎರಡಕ್ಕೂ ಒಂದೇ ಉಪಾಯ. ಹೊರಡುವ ಹಿಂದಿನ ದಿನ ಪ್ಯಾಂಟ್, ಸಾಕ್ಸ್, ಶೂಗಳಿಗೆ ಪರ್ಮೆಥ್ರಿನ್ ಅನ್ನುವ ಹುಳದ ಔಷಧಿ ಸಿಂಪಡಿಸಿ ಒಣಗಿಸುತ್ತೇವೆ. ಅದು ಬಟ್ಟೆಗೆ ಮಾತ್ರ, ಮೈಗೆ ಅಲ್ಲ. ಪ್ಯಾಂಟಿನ ಕಾಲು ಸಾಕ್ಸಿನೊಳಗೆ. ಹುಲ್ಲಿನ ಮೇಲೆ ಹಾಗೇ ಕೂರುವುದಿಲ್ಲ. ಸಂಜೆ ಸ್ನಾನ ಮಾಡಿ ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ ನೋಡಿಕೊಳ್ಳುತ್ತೇವೆ. ಅಕ್ಟೋಬರ್‌ನಲ್ಲಿ ಹುಳ ಕಡಿಮೆ, ಆದರೂ ಬಿಡುವುದಿಲ್ಲ. ಬಂಡೆ ಹತ್ತುವಾಗ ಸಂದಿಗೆ ಕೈ ಹಾಕಬಾರದು. ವಿಷದ ಗಿಲಕಿ ಹಾವು (ರ‍್ಯಾಟಲ್‌ಸ್ನೇಕ್) ಇದೆ.

ಎರಡನೇ ದಿನ ಬೆಳಗಿನ ಜಾವ ಅಮ್ಮ ನನ್ನ ಭುಜ ತಟ್ಟಿದರು. "ಏಳೋ, ಹೊರಗೆ ದನ ಮೇಯ್ತಿದೆ."

ಕಿವಿಗೊಟ್ಟೆ. ಹುಲ್ಲು ಹರಿಯುವ ಸದ್ದು. ಪರ್, ಪರ್, ಆಮೇಲೆ ಒಂದು ದಪ್ಪ ಉಸಿರು. ಟೆಂಟಿನ ಕಿಟಕಿಯ ಬಟ್ಟೆ ಎರಡು ಬೆರಳಷ್ಟು ಸರಿಸಿದೆ. ಪಕ್ಕದ ಖಾಲಿ ಜಾಗದ ಮೇಜಿನ ಹತ್ತಿರ ಒಂದು ಗಂಡು ಬೈಸನ್. ಬಹಳ ಅಂದರೆ ನಲವತ್ತು ಹೆಜ್ಜೆ. ಹೆಗಲ ಮೇಲಿನ ಕೂದಲಲ್ಲಿ ಇಬ್ಬನಿ, ಗಡ್ಡದಲ್ಲಿ ಒಣ ಮುಳ್ಳುಕಾಯಿ ಅಂಟಿಕೊಂಡಿದ್ದವು. ಮೂಗಿನಿಂದ ಹೊಗೆಯಂತೆ ಉಸಿರು. ನಮ್ಮ ಕಡೆ ಬೈಸನ್ ಅಂತ ಕರೆಯುವುದು ಬಂಡೀಪುರದ ಕಾಟಿಯನ್ನ. ಇದು ಬೇರೆಯೇ ಪ್ರಾಣಿ. "ಮುಂದೆಲ್ಲ ಮೈ, ಹಿಂದೆ ಏನೂ ಇಲ್ವಲ್ಲೋ" ಅಂತ ಅಮ್ಮ ಪಿಸುಗುಟ್ಟಿದರು. ಬೆಳೆದ ಗಂಡು 900 ಕಿಲೋವರೆಗೂ ತೂಗುತ್ತದೆ, ಗಂಟೆಗೆ 50 ಕಿಲೋಮೀಟರ್‌ಗಿಂತ ಜೋರಾಗಿ ಓಡುತ್ತದೆ. ನಾವು ಮಾಡಿದ್ದು ಇಷ್ಟೇ. ಜಿಪ್ ಎಳೆಯಲಿಲ್ಲ, ಟಾರ್ಚ್ ಹಾಕಲಿಲ್ಲ, ಮಾತಾಡಲಿಲ್ಲ. ಅದು ಒಂದು ಓಕ್ ಮರಕ್ಕೆ ಕುತ್ತಿಗೆ ಉಜ್ಜಿಕೊಂಡು, ಇಪ್ಪತ್ತು ನಿಮಿಷ ಮೇಯ್ದು, ಕೆರೆ ಕಡೆ ಹೋಯಿತು. ಹೋದ ಮೇಲೂ ಸ್ವಲ್ಪ ಹೊತ್ತು ಬಿಟ್ಟೇ ಹೊರಗೆ ಬಂದೆವು.

ಹೊರಗೆ ಇರುವಾಗ ಎದುರಾದರೆ ನನ್ನ ಲೆಕ್ಕ ಹೀಗೆ. ಕೈ ಚಾಚಿ ಹೆಬ್ಬೆಟ್ಟು ಎತ್ತಿ ಹಿಡಿಯಿರಿ. ಪ್ರಾಣಿ ಹೆಬ್ಬೆಟ್ಟಿನ ಹಿಂದೆ ಪೂರ್ತಿ ಮರೆಯಾಗದಿದ್ದರೆ ನೀವು ತೀರಾ ಹತ್ತಿರ ಇದ್ದೀರಿ. ಬಾಲ ಮೇಲೆತ್ತಿದರೆ ಅದಕ್ಕೆ ಸಿಟ್ಟು ಬಂದಿದೆ ಅಂತ ಅರ್ಥ. ಫೋಟೋ ಆಸೆ ಬಿಟ್ಟು ಹಿಂದೆ ಸರಿಯಿರಿ.

ಆ ಸಂಜೆ ಮೌಂಟ್ ಸ್ಕಾಟ್ ಮೇಲಕ್ಕೆ ಕಾರಿನಲ್ಲೇ ಹೋದೆವು. ಎತ್ತರ 2,464 ಅಡಿ, ತುದಿಯವರೆಗೂ ರಸ್ತೆ ಇದೆ. ಈ ನೆಲದ ಕಯೋವಾ ಜನರಲ್ಲಿ ಒಂದು ಕಥೆ ಇದೆ. ಬೈಸನ್‌ಗಳನ್ನು ಕೊಂದು ಮುಗಿಸುತ್ತಾ ಬಂದಾಗ, ಉಳಿದ ಕೊನೆಯ ಹಿಂಡು ಈ ಬೆಟ್ಟದೊಳಕ್ಕೆ ನಡೆದು ಹೋಯಿತಂತೆ. ಬೆಟ್ಟ ತೆರೆದುಕೊಂಡು, ಅವು ಒಳಗೆ ಹೋದ ಮೇಲೆ ಮುಚ್ಚಿಕೊಂಡಿತಂತೆ. ಕೋಟಿಗಟ್ಟಲೆ ಇದ್ದವು 1880ರ ದಶಕ ಮುಗಿಯುವಷ್ಟರಲ್ಲಿ ಸಾವಿರದ ಆಸುಪಾಸಿಗೆ ಇಳಿದಿದ್ದವು. 1907ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದಿಂದ 15 ಬೈಸನ್‌ಗಳನ್ನು ರೈಲಿನಲ್ಲಿ ತುಂಬಿ, ಪಕ್ಕದ ಕ್ಯಾಶ್ ಅನ್ನುವ ಊರಿಗೆ ತಂದು ಇಳಿಸಿದರು. ಕೋಮಾಂಚೆ ಜನರ ಮುಖಂಡ ಕ್ವಾನಾ ಪಾರ್ಕರ್ ತಮ್ಮವರ ಜೊತೆ ನೋಡಲು ಬಂದಿದ್ದರು. ಈಗ ಹಿಂಡು 650ರ ಆಸುಪಾಸು. ಮೇವಿಗೆ ತಕ್ಕಷ್ಟೇ ಇರಲಿ ಅಂತ ಜಾಸ್ತಿಯಾದವನ್ನು ಹರಾಜು ಹಾಕುತ್ತಾರೆ.

ಇದನ್ನು ಅಮ್ಮನಿಗೆ ಹೇಳುತ್ತಿದ್ದಾಗ ಕೆಳಗಿನ ಬಯಲು ಪೂರ್ತಿ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಲಿಟಲ್ ಬ್ಲೂಸ್ಟೆಮ್ ಅನ್ನುವ ಹುಲ್ಲು ಅದು. ಹೆಸರು ನೀಲಿ, ಚಳಿಗಾಲದ ಮುಂಚೆ ಕೆಂಪಗಾಗುತ್ತದೆ. ಮಗಳು ಒಂದು ಕಡ್ಡಿಯನ್ನು ಬಿಸಿಲಿಗೆ ಹಿಡಿದಳು. ಒಂದೊಂದು ಬೀಜಕ್ಕೂ ಬಿಳಿ ರೋಮದ ಕುಚ್ಚು, ಅಂಚು ಹೊಳೆಯುತ್ತಿತ್ತು. ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಉಜ್ಜಿ, ಮೂಸಿ ನೋಡಿದರು. "ನಮ್ಮ ಕರಡದ ಥರಾನೇ. ಎಳೇದಿದ್ದಾಗ ದನ ಬಿಡೋದಿಲ್ಲ" ಅಂದರು. ದೂರದಲ್ಲಿ ಧಡ್ ಧಡ್ ಅಂತ ಸದ್ದು. ಮಳೆ ಬಂತು ಅಂತ ಮಗಳು ಆಕಾಶ ನೋಡಿದಳು. ಪಕ್ಕದ ಫೋರ್ಟ್ ಸಿಲ್‌ನಲ್ಲಿ ಸೈನ್ಯದವರ ಫಿರಂಗಿ ತರಬೇತಿ. ಮೊದಲ ಸಲ ಹೋಗುವವರು ಗಾಬರಿಯಾಗಬೇಡಿ.

ಮರುದಿನ ಪೂರ್ತಿ ಪ್ರೈರಿ ಡಾಗ್‌ಗಳ ಬಿಲಗಳ ಹತ್ತಿರ ಕಳೆದೆವು. ನಾಯಿ ಅಲ್ಲ, ಅಳಿಲಿನ ಜಾತಿ. ಅವುಗಳಲ್ಲೊಂದು ಎರಡೂ ಹಿಂಗಾಲ ಮೇಲೆ ನಿಂತು, ಮುಂಗಾಲು ಎತ್ತಿ, ಮೈ ಹಿಂದಕ್ಕೆ ಬಾಗಿಸಿ ಕೂಗಿತು. ಪಕ್ಕದ್ದು ಹಾಗೇ ಮಾಡಿತು. ಆಮೇಲೆ ಅದರ ಪಕ್ಕದ್ದು. ಕೂಗು ಬಯಲಿನ ಆ ತುದಿವರೆಗೆ ಹೋಯಿತು. ದುರ್ಬೀನು ಇದ್ದರೆ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಬುಧವಾರ ಬೆಳಗ್ಗೆ ಗೂಟ ಕೀಳುವಾಗ ಉತ್ತರದ ಗಾಳಿ ಬಂದೇ ಬಂತು. ಹಗ್ಗ ಒಂದೂ ಸಡಿಲವಾಗಿರಲಿಲ್ಲ. ಈ ಸಲ ಏಪ್ರಿಲ್ ಕೊನೆಗೆ ಮೂರು ರಾತ್ರಿ ಹಿಡಿದಿದ್ದೇನೆ. ಆಗ ಕಿತ್ತಳೆ ಬಣ್ಣದ ಕರುಗಳು ತಾಯಂದಿರ ಹಿಂದೆ ಓಡಾಡುತ್ತಿರುತ್ತವೆ. ಅಮ್ಮ ಊರಿಂದ ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, "ಅಲ್ಲಿ ಮಳೆ ಆಯ್ತೇನೋ, ಹುಲ್ಲು ಚಿಗುರಿದೆಯಾ?"