ನಾನು ಐ-ಜೆಲ್ ಬದಿಗಿಡುವ ಸಂದರ್ಭಗಳು

ಕಲಬುರಗಿಯಲ್ಲಿ ಅರಿವಳಿಕೆ ವೃತ್ತಿ ಆರಂಭಿಸಿದ ಮೊದಲ ವರ್ಷಗಳಲ್ಲಿ, ಅರ್ಧ ಗಂಟೆಯಲ್ಲಿ ಮುಗಿಯುವ ಶಸ್ತ್ರಚಿಕಿತ್ಸೆ ಎಂದರೆ ನನ್ನ ಕೈ ತಾನಾಗಿ ಐ-ಜೆಲ್ ಕಡೆಗೆ, ಅಂದರೆ ಪ್ರಜ್ಞೆ ತಪ್ಪಿಸಿದ ರೋಗಿಯ ಉಸಿರಾಟಕ್ಕಾಗಿ ಬಾಯಿಯ ಮೂಲಕ ಗಂಟಲಲ್ಲಿ ಕೂರಿಸುವ ಮೆತ್ತನೆಯ ಸಾಧನದ ಕಡೆಗೆ, ಹೋಗುತ್ತಿತ್ತು. ಬ್ರಿಟನ್ನಿನ ವೈದ್ಯ ಆರ್ಚಿ ಬ್ರೇನ್ 1981ರಲ್ಲಿ ರೂಪಿಸಿದ ಲ್ಯಾರಿಂಜಿಯಲ್ ಮಾಸ್ಕ್ ಆಗಲಿ, ಅದರ ನಂತರ ಬಂದ ಇಂಥ ಸಾಧನಗಳಾಗಲಿ, ಧ್ವನಿಪೆಟ್ಟಿಗೆಯ ಮೇಲೆ ಕೂರುತ್ತವೆಯೇ ಹೊರತು ಶ್ವಾಸನಾಳದೊಳಗೆ ಇಳಿಯುವುದಿಲ್ಲ. ಆದ್ದರಿಂದಲೇ ಹಾಕುವುದು ಸುಲಭ; ಆದ್ದರಿಂದಲೇ, ಹೊಟ್ಟೆಯಿಂದ ಮೇಲೆ ಬಂದದ್ದು ಶ್ವಾಸಕೋಶ ಸೇರದಂತೆ ಶ್ವಾಸನಾಳದೊಳಗೇ ಇಳಿದು, ಗಾಳಿ ತುಂಬಿದ ಕಫ್‌ನಿಂದ ಸುತ್ತಲಿನ ಸಂದು ಮುಚ್ಚುವ ಟ್ಯೂಬ್ ತಡೆಯುವಷ್ಟು ಇವು ತಡೆಯಲಾರವು.

ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದ ಮಹಿಳೆಯೊಬ್ಬರ ಕಾಲಿನ ಕೀವು ತೆಗೆಯಬೇಕಿತ್ತು. ರಕ್ತ ತೆಳುವಾಗಿಸುವ ಮಾತ್ರೆ ನಡೆದಿದ್ದರಿಂದ ಬೆನ್ನಿಗೆ ಸೂಜಿ ಹಾಕುವಂತಿರಲಿಲ್ಲ. ಹಿಂದಿನ ರಾತ್ರಿ ಎಂಟಕ್ಕೆ ಉಂಡಿದ್ದರು, ಆಗ ಬೆಳಿಗ್ಗೆ ಒಂಬತ್ತು. ಘನ ಆಹಾರಕ್ಕೆ ನಾವು ಹಿಡಿಯುವ 6ರಿಂದ 8 ಗಂಟೆ ಎಂದೋ ಕಳೆದಿತ್ತು. ಐ-ಜೆಲ್ ಹಾಕಿ ಹತ್ತು ನಿಮಿಷವಾಗಿರಬೇಕು, ಅದರ ಪಕ್ಕದ ಸಣ್ಣ ರಂಧ್ರದಲ್ಲಿ ಹಳದಿ ನೀರು ಏರಿತು, ಅದರೊಳಗೆ ತೊಗರಿಬೇಳೆಯ ಚೂರುಗಳಿದ್ದವು. ಮೇಜಿನ ತಲೆಯ ಭಾಗ ಇಳಿಸಿ, ಸಕ್ಷನ್ ಮಾಡಿ, ಪೂರ್ಣ ಆಕ್ಸಿಜನ್ ಕೊಟ್ಟು, ಸ್ನಾಯು ಸಡಿಲಿಸುವ ಔಷಧದೊಂದಿಗೆ ಟ್ಯೂಬ್ ಹಾಕಿದೆ. ಅವರು ಚೇತರಿಸಿಕೊಂಡರು. ಆದರೆ ಹಿಂದಿನ ದಿನ ಅವರು ಹೇಳಿದ್ದ ಮಾತು ನನ್ನ ಕೈಬರಹದಲ್ಲೇ ಕೇಸ್ ಪೇಪರಿನ ಮೇಲಿತ್ತು: "ಎರಡು ತುತ್ತಿಗೇ ಹೊಟ್ಟಿ ತುಂಬಿದಂಗ ಆಗ್ತದ್ರಿ ಸಾಹೇಬ್ರ." ಹೊಟ್ಟೆಯ ನರಗಳು ಸೋತು ಆಹಾರ ಕೆಳಗಿಳಿಯುತ್ತಿಲ್ಲ ಎಂದು ಅವರೇ ಹೇಳಿದ್ದರು, ನಾನು ಬರೆದುಕೊಂಡು ಗಂಟೆ ಎಣಿಸಿದ್ದೆ. ಬ್ರಿಟನ್ನಿನಲ್ಲಿ 2011ರಲ್ಲಿ ಪ್ರಕಟವಾದ ರಾಷ್ಟ್ರೀಯ ಆಡಿಟ್ ವರದಿಯಲ್ಲೂ, ಅರಿವಳಿಕೆ ವೇಳೆಯ ಶ್ವಾಸಮಾರ್ಗದ ತೊಡಕುಗಳಿಂದಾದ ಸಾವುಗಳಿಗೆ ಮೊದಲ ಕಾರಣ ಹೀಗೆ ಹೊಟ್ಟೆಯದ್ದು ಶ್ವಾಸಕೋಶ ಸೇರುವುದೇ ಆಗಿತ್ತು.

ಅಂದಿನಿಂದ ಗಡಿಯಾರವೊಂದನ್ನೇ ನಂಬುವುದನ್ನು ಬಿಟ್ಟಿದ್ದೇನೆ. ತೊಗರಿ ರಾಶಿಯ ಕಾಲದಲ್ಲಿ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡು ಆಳಂದ, ಸೇಡಂ ಕಡೆಯಿಂದ ಬರುವವರಲ್ಲಿ, ಉಂಡು ಎಷ್ಟು ಹೊತ್ತಾಯಿತು ಎನ್ನುವುದಕ್ಕಿಂತ ಉಂಡ ಎಷ್ಟು ಹೊತ್ತಿಗೆ ಪೆಟ್ಟಾಯಿತು ಎಂದು ಕೇಳುತ್ತೇನೆ, ಏಕೆಂದರೆ ನೋವು ಮತ್ತು ಗಾಬರಿಯಿಂದ ಹೊಟ್ಟೆಯ ಚಲನೆ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಕೈಯ ಗಾಯವಾದರೆ ಭುಜದ ನರಗಳಿಗೆ ಬ್ಲಾಕ್ ಕೊಟ್ಟು, ಅಂದರೆ ಕೈಯಷ್ಟೇ ಮರಗಟ್ಟುವಂತೆ ಚುಚ್ಚುಮದ್ದು ಕೊಟ್ಟು, ರೋಗಿಯನ್ನು ಎಚ್ಚರವಾಗಿಯೇ ಇರಿಸುವುದು ನನಗೆ ಇಷ್ಟ. ಕರುಳು ಕಟ್ಟಿಕೊಂಡವರು, ತಿಂಗಳು ತುಂಬುತ್ತಿರುವ ಗರ್ಭಿಣಿಯರು, ಮಲಗಿದರೆ ಹುಳಿನೀರು ಗಂಟಲಿಗೆ ಬರುವವರು, ಇವರ ವಿಷಯದಲ್ಲಿ ಐ-ಜೆಲ್‌ನ ಯೋಚನೆಗೆ ಎಡೆಯೇ ಇಲ್ಲ.

ನಮ್ಮ ಭಾಗದ ಇನ್ನೊಂದು ತೊಡಕು ಗುಟ್ಕಾ. ತಮ್ಮದೇ ಮೂರು ಬೆರಳು ಬಾಯೊಳಗೆ ಇಡಿ ಎಂದರೆ ಒಂದೂವರೆ ಬೆರಳಿಗೇ ದವಡೆ ಬಿಗಿದು ನಿಲ್ಲುವ, ಕೆನ್ನೆಯ ಒಳಗೆ ಹಗ್ಗದಂತೆ ಗಟ್ಟಿಯಾದ ಪಟ್ಟಿ ಕೈಗೆ ಸಿಗುವ ಯುವಕರು ವಾರಕ್ಕೊಬ್ಬರಾದರೂ ಬರುತ್ತಾರೆ. ಅಲ್ಲಿ ಐ-ಜೆಲ್ ಒಳಗೇ ಹೋಗುವುದಿಲ್ಲ. ಎಲ್ಲ ಕೈಕೊಟ್ಟಾಗ ಉಸಿರು ಉಳಿಸುವ ಆಪತ್ಕಾಲದ ಸಾಧನವಾಗಿಯೂ ಅದು ಒದಗುವುದಿಲ್ಲ ಎಂಬುದೇ ದೊಡ್ಡ ಚಿಂತೆ. ಹೀಗಾಗಿ ಅವರಿಗೆ ಎಚ್ಚರವಿರುವಾಗಲೇ ಮೂಗಿನ ಮೂಲಕ ಒಳಗಿನ ದಾರಿ ತೋರಿಸುವ ಬಳುಕುವ ತೆಳು ಫೈಬರ್‌ಆಪ್ಟಿಕ್ ಸ್ಕೋಪಿನ ನೆರವಿನಿಂದ ಟ್ಯೂಬ್ ಇಳಿಸುತ್ತೇನೆ. ಬಹಳ ದಪ್ಪಗಿರುವವರಲ್ಲಿ ಅಥವಾ ಶ್ವಾಸಕೋಶ ಬಿಗಿಯಾಗಿರುವವರಲ್ಲಿ ಗಾಳಿ ತಳ್ಳಲು 25 ಸೆಂ.ಮೀ. ನೀರಿನ ಒತ್ತಡಕ್ಕಿಂತ ಹೆಚ್ಚು ಬೇಕೆನಿಸಿದರೂ ಟ್ಯೂಬೇ ಸರಿ, ಇಲ್ಲವಾದರೆ ಗಾಳಿ ಪಕ್ಕದಿಂದ ಸೋರಿ ಹೊಟ್ಟೆಯನ್ನೂ ಉಬ್ಬಿಸುತ್ತದೆ.

ಮೊನ್ನೆ ಚಿತ್ತಾಪುರದ ಹಿರಿಯರೊಬ್ಬರು "ಏನೂ ತಿಂದಿಲ್ರಿ" ಎಂದರು. ಚಹಾ ಎಂದು ಕೇಳಿದೆ. "ಚಹಾ ಕುಡ್ದೀನ್ರಿ, ಅದೇನ್ ತಿಂದಂಗಲ್ಲಲ್ರಿ." ಹಾಲು ಹಾಕಿದ ಚಹಾ, ಏಳು ಗಂಟೆಗೆ, ಜೊತೆಗೆ ನಾಲ್ಕು ಬಿಸ್ಕತ್ತು. ಅವರ ಸರದಿಯನ್ನು ಮಧ್ಯಾಹ್ನ ಎರಡರ ಮೇಲಕ್ಕೆ ಹಾಕಿದೆ. ಸರ್ಜನ್ ಗೊಣಗುತ್ತ ಮುಂದಿನ ರೋಗಿಯನ್ನು ಒಳಗೆ ಕರೆಸಿದರು.