ಒಂದರಿಂದ ಮೂರು ವರ್ಷದ ಕೂಸಿನ ಊಟ: ಯಾವುದು ಮನೆಯದು, ಯಾವುದು ಅಂಗಡಿಯದು

ಹುಬ್ಬಳ್ಳಿ-ಧಾರವಾಡದಲ್ಲಿ ಸಿದ್ಧ ಆಹಾರ ಅಂದರೆ ಬರೀ ಡಬ್ಬಿಯ ಸಿರಿಲ್ಯಾಕ್ ಇಲ್ಲವೆ ನೂಡಲ್ಸ್ ಅಲ್ಲ. ರೊಟ್ಟಿ ಕೇಂದ್ರದ ರೊಟ್ಟಿ, ಖಾನಾವಳಿಯ ಪಲ್ಯೆ, ಕಿರಾಣಿ ಅಂಗಡಿಯ ದೋಸೆ ಹಿಟ್ಟು, ಅಂಗನವಾಡಿಯಿಂದ ಮನೆಗೆ ಕೊಡುವ ಪುಷ್ಟಿ ಪುಡಿ ಎಲ್ಲವೂ ಇದರಲ್ಲಿ ಬಂದವು. ಎಲ್ಲದಕ್ಕೂ ಸೇರಿಸಿ ‘ಹೊರಗಿನದು ಬ್ಯಾಡ’ ಅಂದರೆ ಇಬ್ಬರೂ ದುಡಿಯುವ ಮನೆ ನಡೆಯುವುದಿಲ್ಲ. ಕೊಳ್ಳುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಅಂಗಡಿಯವರು ನನ್ನ ಬದಲು ದುಡಿದದ್ದಕ್ಕೆ ರೊಕ್ಕ ಕೊಡುತ್ತಿದ್ದೇನೋ, ಸಕ್ಕರೆ, ಉಪ್ಪು, ಖಾರ ಬೆರೆಸಿದ್ದಕ್ಕೋ? ದುಡಿದದ್ದಕ್ಕೆ ಕೊಡಲು ನನ್ನ ತಕರಾರಿಲ್ಲ.

ಮನೆಯಲ್ಲಿ ಮಾಡಿದ್ದೆಲ್ಲ ಪೌಷ್ಟಿಕ ಅನ್ನುವುದೂ ಖರೆ ಅಲ್ಲ. ತಿಳಿಸಾರು ಅನ್ನ, ನೀರಿನಂಥ ಅಂಬಲಿ, ಸಂಜೆಗೆ ಚಾದಾಗ ಅದ್ದಿದ ಬಿಸ್ಕೀಟು: ಹೊಟ್ಟೆ ತುಂಬುತ್ತದೆ, ಕೂಸು ಬೆಳೆಯುವುದಿಲ್ಲ. ಎದೆಹಾಲು ಕುಡಿಯುವ ಒಂದರಿಂದ ಎರಡು ವರ್ಷದ ಕೂಸಿಗೆ ಊಟದಿಂದಲೇ ದಿನಕ್ಕೆ ಸುಮಾರು 550 ಕಿಲೊಕ್ಯಾಲರಿ ಬೇಕು. 1ರಿಂದ 3 ವರ್ಷಕ್ಕೆ ಕಬ್ಬಿಣಾಂಶ ದಿನಕ್ಕೆ 8 ಮಿಲಿಗ್ರಾಂ. ಬಟ್ಟಲು ಅಂಬಲಿಗಿಂತ ಕಬ್ಬಿಣ ಸೇರಿಸಿದ ಡಬ್ಬಿಯ ಸಿರಿಯಲ್ (ಧಾನ್ಯದ ಸಿದ್ಧ ಪುಡಿ) ಈ ಲೆಕ್ಕದಲ್ಲಿ ಮೇಲು, ಒಪ್ಪಲೇಬೇಕು. ಚಾದ ಒಗರು ಕಬ್ಬಿಣ ಹೀರದಂತೆ ತಡೆಯುತ್ತದೆ, ಹಾಗಾಗಿ ಕೂಸಿಗೆ ಚಾ ಒಂದು ಗುಟುಕೂ ಇಲ್ಲ. ಹಾಲೂ ದಿನಕ್ಕೆ ಅರ್ಧ ಲೀಟರ್ ಮೀರಬಾರದು. ಮೀರಿದರೆ ಹಸಿವೆ ಸಾಯುತ್ತದೆ, ರಕ್ತಹೀನತೆ ಹಿಂದೆಯೇ ಬರುತ್ತದೆ.

ಡಬ್ಬಿಯ ಬದಲಿಗೆ ಇಟ್ಟುಕೊಳ್ಳುವ ಹಿಟ್ಟು ಹೀಗೆ. ಒಂದು ಕೆಜಿ ರಾಗಿ, ನಾಲ್ಕೈದು ನೀರಿನಲ್ಲಿ ತೊಳೆದು ಗಾಳಿಸಬೇಕು, ಹರಳು ತಳದಲ್ಲಿ ಉಳಿಯುತ್ತವೆ. 12 ತಾಸು ನೆನೆಹಾಕಿ, ನಡುವೆ ಎರಡು ಸಲ ನೀರು ಬದಲಿಸಬೇಕು. ಬಸಿದು ಒದ್ದೆ ಅರಿವೆಯಲ್ಲಿ ಕಟ್ಟಿದರೆ ಏಪ್ರಿಲ್‌ನಲ್ಲಿ ಒಂದು ದಿನಕ್ಕೆ, ಡಿಸೆಂಬರ್‌ನಲ್ಲಿ ಒಂದೂವರೆ ದಿನಕ್ಕೆ ಮೊಳಕೆ ಬರುತ್ತದೆ. ಬಿಳಿ ಬೇರು ಕಾಳಿನ ಎರಡರಷ್ಟು ಉದ್ದವಾದರೆ ಸಾಕು. ಗಂಟು ಲೋಳೆಯಾಗಿ ಹುಳಿ ವಾಸನೆ ಬಂದರೆ ಅಷ್ಟನ್ನೂ ಚೆಲ್ಲಬೇಕು, ತೊಳೆದು ಉಳಿಸಲು ಹೋಗಬಾರದು. ಮೊದಲು ನೆರಳಲ್ಲಿ ಹರಡಿ, ಮರುದಿನ ಬಿಸಿಲಿಗಿಟ್ಟು, ಕೈಯಲ್ಲಿ ತಿಕ್ಕಿ ಬೇರು ಕೇರಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೆಚ್ಚಗೆ ಮಾಡಿದರೆ ಆಯಿತು. ಘಮ ಬರಬೇಕು, ಬಣ್ಣ ತಿರುಗಬಾರದು. ಹುರಿದು ಕಪ್ಪಾದರೆ ಮೊಳಕೆ ಬರಿಸಿದ ಶ್ರಮವೇ ದಂಡ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಗಂಜಿಯನ್ನು ಸಡಿಲಿಸುತ್ತದೆ, ಅದು ಹೆಚ್ಚು ಉರಿಗೆ ಸಾಯುತ್ತದೆ.

ಇಲ್ಲಿ ಒಂದು ಎಚ್ಚರ. ನಮ್ಮ ಕಡೆ ಜೋಳ ಮನೆತುಂಬ ಇರುತ್ತದಂತ ಅದನ್ನೂ ಮೊಳಕೆ ಕಟ್ಟಬಾರದು. ಎಳೆ ಜೋಳದ ಚಿಗುರು ತಿಂದ ದನ ಉಬ್ಬಸ ಹತ್ತಿ ಬೀಳುವುದು ರೈತರ ಮನೆಗೆ ಗೊತ್ತು. ಚಿಗುರಿನಲ್ಲಿರುವ ಧುರಿನ್ ಎಂಬುದರಿಂದ ಸಯನೈಡ್ ಹುಟ್ಟುತ್ತದೆ, ಜೋಳದ ಮೊಳಕೆಯಲ್ಲೂ ಅದೇ ಇದೆ. ಜೋಳ ನುಚ್ಚಾಗಿ, ರೊಟ್ಟಿಯಾಗಿ ಚಲೋ. ಮೊಳಕೆಗೆ ರಾಗಿ, ಹೆಸರು, ಮಡಿಕೆ ಕಾಳು ಇವೆ.

ಒಣಗಿದ ಮೊಳಕೆ ರಾಗಿ 600 ಗ್ರಾಂ, ಘಮ್ಮೆನ್ನುವವರೆಗೆ ಹುರಿದ ಹೆಸರು ಬ್ಯಾಳಿ 200 ಗ್ರಾಂ, ಪುಟಾಣಿ 100 ಗ್ರಾಂ. ದಿನಕ್ಕೊಂದು ಹೊತ್ತಿನಂತೆ ಇದು ತಿಂಗಳು ದಾಟುತ್ತದೆ. ಗಿರಣಿಗೆ ಮುಂಜಾನೆ ಮೊದಲ ಪಾಳಿಗೇ ಹೋಗುವುದು ಒಳ್ಳೆಯದು. ಖಾರಪುಡಿ ಕುಟ್ಟುವ ಯಂತ್ರದ ಹತ್ತಿರವೂ ಸುಳಿಯಬಾರದು, ಮತ್ತೆ ನಮ್ಮ ಹಿಟ್ಟಿನ ಮೊದಲ ಎರಡು ಮುಷ್ಟಿ ತೆಗೆದು ಬೇರೆ ಇಡಬೇಕು: ಕಲ್ಲಿನಲ್ಲಿ ಹಿಂದಿನವರದು ಇನ್ನೂ ಇರುತ್ತದೆ. ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಮುಚ್ಚಳಕ್ಕೆ ನೀರು ಕಟ್ಟಿ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಶೇಂಗಾ ಇದರಲ್ಲಿ ಬೆರೆಸುವುದಿಲ್ಲ, ಎಣ್ಣೆ ಕಮಟಾಗುತ್ತದೆ. ಗದಗಿನ ಕಡೆಯ ಹೊಸ ಶೇಂಗಾ ಸಿಕ್ಕರೂ ಸುಕ್ಕಿದ, ಕಪ್ಪಾದ, ಬೂಷ್ಟು ಹಿಡಿದ ಬೀಜ ಆರಿಸಿ ಎಸೆಯಬೇಕು. ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಹೆಚ್ಚಾಗಿ ಇರುವುದು ಅವುಗಳಲ್ಲೇ, ಹುರಿದರೂ ಪೂರಾ ಹೋಗುವುದಿಲ್ಲ. ಉಳಿದದ್ದನ್ನು ಹುರಿದು ಪುಡಿಮಾಡಿ ಬೇರೆ ಸೀಸೆಯಲ್ಲಿಟ್ಟು, ಬೇಯಿಸುವಾಗ ಒಂದು ಚಮಚ ಹಾಕುತ್ತೇನೆ.

ಕುದಿಸುವ ಅಳತೆ: ಮೂರು ದೊಡ್ಡ ಚಮಚ, ಅಂದರೆ ಸುಮಾರು 25 ಗ್ರಾಂ ಹಿಟ್ಟಿಗೆ 150 ಮಿಲಿ ತಣ್ಣೀರು. ತಣ್ಣೀರಲ್ಲೇ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಗೆ ಇಡಬೇಕು. ಕುದಿವ ನೀರಿಗೆ ಹಿಟ್ಟು ಸುರಿದರೆ ಗಂಟೂ ಆಗುತ್ತದೆ, ಕಿಣ್ವ ಕೆಲಸ ಮಾಡುವ ಮೊದಲೇ ಸಾಯುತ್ತದೆ. ಏಳೆಂಟು ನಿಮಿಷ ತಿರುವುತ್ತ ಕುದಿಸಿ, ಒಂದು ಚಮಚ ತುಪ್ಪ ಬಿಟ್ಟು ಇಳಿಸಬೇಕು. ತುಪ್ಪ ಒಂದು ಸಣ್ಣ ಚಮಚಕ್ಕೆ 45 ಕಿಲೊಕ್ಯಾಲರಿ, ಸಣ್ಣ ಹೊಟ್ಟೆಗೆ ಅದೇ ಆಧಾರ. ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು, ನೀರಿನಂತೆ ಹರಿದರೆ ತೆಳುವಾಯಿತು. ಮೊಳಕೆಯಿಲ್ಲದ ರಾಗಿ ಇದೇ ಅಳತೆಗೆ ಗಟ್ಟಿಯಾಗುತ್ತದೆ, ನುಂಗಲಿಯೆಂದು ನೀರು ಸುರಿಯುತ್ತಾರೆ, ಬಟ್ಟಲು ತುಂಬಿದರೂ ಸತ್ವ ಅರ್ಧ. ಸಿಹಿಗೆ ಹಿಸುಕಿದ ಬಾಳೆಹಣ್ಣು ಸಾಕು. ಎರಡು ವರ್ಷ ತುಂಬುವವರೆಗೆ ಸಕ್ಕರೆ, ಬೆಲ್ಲ ಎರಡೂ ನಮ್ಮಲ್ಲಿ ಇಲ್ಲ. ಬೆಲ್ಲ ‘ದೇಸಿ’ ಅಂತ ರಿಯಾಯಿತಿಯೂ ಇಲ್ಲ.

ಮಧ್ಯಾಹ್ನಕ್ಕೆ ಜೋಳದ ನುಚ್ಚು ಅರ್ಧ ಬಟ್ಟಲು, ಹೆಸರು ಬ್ಯಾಳಿ ಕಾಲು ಬಟ್ಟಲು, ಅರ್ಧ ತಾಸು ನೆನೆಸಿ ಮೂರು ಬಟ್ಟಲು ನೀರಿಗೆ ಕುಕ್ಕರಿನಲ್ಲಿ ಐದಾರು ಸೀಟಿ. ಕೂಸಿನ ಮೂರು ಹೊತ್ತಿಗೆ ಬರುತ್ತದೆ. ಮೆಂತ್ಯೆ ಇಲ್ಲವೆ ರಾಜಗಿರಿ ಸೊಪ್ಪು ಸಣ್ಣಗೆ ಹೆಚ್ಚಿ ಜೊತೆಗೇ ಹಾಕಿ, ಇಳಿಸಿದ ಮೇಲೆ ನಾಲ್ಕು ಹನಿ ಲಿಂಬೆ. ಲಿಂಬೆಯ ಸಿ ಜೀವಸತ್ವ ಕಾಳು-ಸೊಪ್ಪಿನ ಕಬ್ಬಿಣ ಮೈಗೆ ಹತ್ತಿಸುತ್ತದೆ, ಕುದಿಸಿದರೆ ಹೋಗುತ್ತದೆ. ದೊಡ್ಡವರ ಅಡುಗೆಯಿಂದ ಕೊಡುವುದಾದರೆ ಖಾರ, ಉಪ್ಪು ಬೀಳುವ ಮೊದಲೇ ಒಂದು ಸೌಟು ಬೇರೆ ತೆಗೆದಿಡಬೇಕು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ, ಆದರೂ ಕೂಸಿನ ಬಾಯಿಗೆ ಅದು ಖಾರವೇ.

ಉಳಿದ ನುಚ್ಚನ್ನು ಅರ್ಧ ತಾಸಿನೊಳಗೆ ಆರಿಸಿ ಬರ್ಫದ ಟ್ರೇಗೆ ಹಾಕಿ ಫ್ರೀಜರಿಗೆ. ಗಟ್ಟಿಯಾದ ತುಂಡುಗಳನ್ನು ಡಬ್ಬಿಗೆ ಹಾಕಿ ದಿನಾಂಕ ಬರೆದರೆ ಒಂದು ತಿಂಗಳು ನಡೆಯುತ್ತದೆ. ತಿರುಗಿ ಬಿಸಿ ಮಾಡುವುದು ಒಂದೇ ಸಲ, ಹಬೆ ಏಳುವವರೆಗೆ. ಕರೆಂಟು ಹೋಗಿ ಕರಗಿದ್ದರೆ ಮತ್ತೆ ಗಟ್ಟಿ ಮಾಡಬಾರದು. ಫ್ರಿಜ್ಜಿಲ್ಲದ ಮನೆಯಲ್ಲಿ ಎರಡು ತಾಸಿನ ಲೆಕ್ಕ, ಬೇಸಿಗೆಯಲ್ಲಿ ಒಂದೇ ತಾಸು.

ಪೊಟ್ಟಣದ ಮುಂಭಾಗದ ಚಿತ್ರ ಬಿಟ್ಟು ಹಿಂಬದಿ ಓದಬೇಕು. ಪದಾರ್ಥಗಳನ್ನು ತೂಕದ ಇಳಿಕೆಯಲ್ಲಿ ಬರೆಯುತ್ತಾರೆ: ಸಕ್ಕರೆ, ಗ್ಲೂಕೋಸ್ ಸಿರಪ್, ಮಾಲ್ಟೋಡೆಕ್ಸ್ಟ್ರಿನ್ (ಪಿಷ್ಟದಿಂದ ಮಾಡಿದ, ಸಕ್ಕರೆಯಂತೆ ಬೇಗ ಕರಗುವ ಪುಡಿ) ಮೊದಲ ಮೂರರಲ್ಲಿ ಬಂದರೆ ವಾಪಸ್ ಇಟ್ಟುಬಿಡುತ್ತೇನೆ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 100 ಗ್ರಾಂಗೆ 1200 ಮಿಲಿಗ್ರಾಂ ಅಂತಿದ್ದರೆ 70 ಗ್ರಾಂನ ನೂಡಲ್ಸ್ ಪೊಟ್ಟಣದಲ್ಲಿ 840, ಅಂದರೆ 2.1 ಗ್ರಾಂ ಉಪ್ಪು. ಮೂರು ವರ್ಷದೊಳಗಿನ ಮಗುವಿಗೆ ಇಡೀ ದಿನಕ್ಕೇ 2 ಗ್ರಾಂ ಮೀರಬಾರದು. ಇನ್ನು ಟಿವಿಯ ಪುಡಿಗಳು. ಎದೆಹಾಲಿನ ಬದಲಿ ಹಾಲು, ಹಾಲಿನ ಬಾಟಲಿ, ಶಿಶು ಆಹಾರಗಳ ಕುರಿತ 1992ರ ಕೇಂದ್ರ ಕಾಯ್ದೆ, ಅದರ 2003ರ ತಿದ್ದುಪಡಿ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನೇ ನಿಷೇಧಿಸಿವೆ. ಹಾಗಾದರೆ ಜಾಹೀರಾತಿನಲ್ಲಿ ಕಂಡದ್ದು ಒಂದು ವರ್ಷದ ಕೂಸಿಗೆ ಮಾಡಿದ್ದಲ್ಲ ಅಂತಲೇ ತಿಳಿಯಬೇಕು.

ಕೊಳ್ಳುವುದು ಏನು? ರೊಟ್ಟಿ ಕೇಂದ್ರದ ಮೆತ್ತನ್ನ ರೊಟ್ಟಿ, ಜೋಳದ ಹಿಟ್ಟು ಮತ್ತು ನೀರು ಬಿಟ್ಟರೆ ಬೇರೇನು ಹಾಕುತ್ತೀರಿ ಅಂತ ಕೇಳಿಕೊಂಡು. ಅದನ್ನು ಚೂರು ಮಾಡಿ ಬ್ಯಾಳಿಯಲ್ಲಿ ಹತ್ತು ನಿಮಿಷ ನೆನೆಸಿ ಕೊಡಬಹುದು. ಕಟಕ ರೊಟ್ಟಿ, ಚುರುಮುರಿ, ಇಡೀ ಶೇಂಗಾ, ಇಡೀ ಪುಟಾಣಿ ಬೇಡ, ಗಂಟಲಿಗೆ ಸಿಗುತ್ತವೆ. ಖಾನಾವಳಿಯ ಪಲ್ಯೆ ಕೂಸಿಗಲ್ಲ. ಪುಷ್ಟಿ ಪುಡಿ ಒಳ್ಳೆಯದೇ, ಸಿಹಿ ಮೊದಲೇ ಇದ್ದರೆ ಮತ್ತೆ ಹಾಕದಿದ್ದರಾಯಿತು.

ಪ್ರಯಾಣಕ್ಕೆ ಸಕ್ಕರೆಯಿಲ್ಲದ, ಕಬ್ಬಿಣ ಸೇರಿಸಿದ ಸಿರಿಯಲ್ ಒಂದು ಡಬ್ಬಿ ಇಟ್ಟಿರುತ್ತೇನೆ. ಆದರೆ ಅವಳಿ ನಗರದ ಬಹಳ ಓಣಿಗಳಿಗೆ ಈಗಲೂ ನೀರು ಹಲವು ದಿನಕ್ಕೊಮ್ಮೆ, ಬ್ಯಾರಲ್ಲಿನಲ್ಲಿ ತುಂಬಿಟ್ಟ ನೀರೇ ಗತಿ. ಮನೆಯ ಗಂಜಿ ಕುದಿಯುವಾಗ ಆ ನೀರಿನ ಹೊಲಸು ಸಾಯುತ್ತದೆ, ಬೆಚ್ಚಗಿನ ನೀರಿಗೆ ಕಲಸುವ ಪುಡಿಯಲ್ಲಿ ಸಾಯುವುದಿಲ್ಲ. ಬೆಂಗಳೂರಿನ ರೈಲು ಹತ್ತುವ ಮುಂಚೆ ಒಂದು ನಿಮಿಷ ಕೊತಕೊತ ಕುದಿಸಿದ ನೀರು ಥರ್ಮಾಸಿಗೆ, ಸಿರಿಯಲ್ ಪುಡಿ ಒಣ ಡಬ್ಬಿಗೆ ಅಳೆದು, ಚಮಚ ಬೇರೆ ಅರಿವೆಯಲ್ಲಿ. ಕಲಸಿದ್ದರಲ್ಲಿ ಕೂಸು ಬಿಟ್ಟದ್ದನ್ನು ಮುಂದಿನ ಹೊತ್ತಿಗೆ ಇಡುವುದಿಲ್ಲ, ಎಂಜಲು ಚಮಚ ಮುಳುಗಿದ ಗಂಜಿ ಬೇಗ ಕೆಡುತ್ತದೆ.